ಎಡಗಡೆಯ ಎರಡು ಚಕ್ರ

ಇದನ್ನು ಹೇಳಲು ಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಕಾರಿನ ಚಕ್ರ ತೊಳೆದದ್ದೂ ಒಂದು ಕಥೆಯೇ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ನನಗಿಂತ ಚೆನ್ನಾಗಿ ಹೇಳಬಲ್ಲವರು ನಮ್ಮ ಗಂಜಾಂನಲ್ಲೇ ಇದ್ದಾರೆ, ಈಗಲೂ ಹೇಳುತ್ತಿದ್ದಾರೆ. ಆದರೆ ಅವರು ಹೇಳುವುದರಲ್ಲಿ ಒಂದು ದಿನ ಮೇಕೆ ಸಾಯುತ್ತದೆ, ಒಂದು ದಿನ ಮನುಷ್ಯ ಸಾಯುತ್ತಾನೆ, ಕೇಳುವವರು ಹೊಸಬರಾಗಿದ್ದರೆ ಇಬ್ಬರೂ ಸಾಯುತ್ತಾರೆ. ಹಾಗಾಗಿ ನಾನು ಕಂಡಷ್ಟನ್ನು ಬರೆದಿಡುವುದು ನನ್ನ ಕರ್ತವ್ಯ ಅನ್ನಿಸಿತು. ಬರವಣಿಗೆಯಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಬಿ.ಕಾಂ. ಮಾಡಿದ್ದು ಮೈಸೂರಿನ ಸಂಜೆ ಕಾಲೇಜಿನಲ್ಲಿ. ಕನ್ನಡ ಪಾಠ ಶುರುವಾಗುವ ಹೊತ್ತಿಗೆ ಸರಿಯಾಗಿ ನನಗೆ ಕೊನೆಯ ಬಸ್ಸಿನ ಚಿಂತೆ ಶುರುವಾಗುತ್ತಿತ್ತು.

ನನ್ನ ಹೆಸರು ಸುದರ್ಶನ್. ಕೆ.ಆರ್.ಎಸ್.ನಲ್ಲಿ ನೀರಾವರಿ ಕಚೇರಿಯಲ್ಲಿ ಗುಮಾಸ್ತ. ಮನೆಯಲ್ಲಿ ಅಮ್ಮ ರುಕ್ಮಿಣಮ್ಮ, ಹೆಂಡತಿ ಅಪರ್ಣ, ಮತ್ತು ಹೋದ ವರ್ಷದಿಂದ ಒಂದು ಸೆಕೆಂಡ್ ಹ್ಯಾಂಡ್ ಕಾರು. ಕಾರು ಬಿಳಿಯದು. ಅದರ ಚಕ್ರಗಳು ಅಲಾಯ್ ಚಕ್ರಗಳು, ಅಂದರೆ ಮೇಲೆ ಮುಚ್ಚಳವಿಲ್ಲದೆ ಬೆಳ್ಳಿ ತಟ್ಟೆಯ ಹಾಗೆ ಹೊಳೆಯಬೇಕಾದವು. ನಮ್ಮವು ಮಾತ್ರ ಕೊಂಡ ದಿನದಿಂದ ಕಾವಲಿಯ ತಳದ ಹಾಗೆ ಇದ್ದವು. ನನಗೆ ಅದರಿಂದ ತೊಂದರೆಯಿರಲಿಲ್ಲ. ತೊಂದರೆ ಬಂದದ್ದು ನಾಗಮಂಗಲದಿಂದ ಆಹ್ವಾನಪತ್ರಿಕೆ ಬಂದ ಮೇಲೆ.

ನಾಗಮಂಗಲದಲ್ಲಿ ಅಮ್ಮನ ಅಕ್ಕ ಇದ್ದಾರೆ, ನನ್ನ ದೊಡ್ಡಮ್ಮ. ಆರು ವರ್ಷದ ಹಿಂದೆ ಅವರ ಮನೆಯ ಮದುವೆಗೆ ಅಮ್ಮ ಬಸ್ಸಿನಲ್ಲಿ ಹೋಗಿದ್ದರು. ಬಾಗಿಲಲ್ಲಿ ನಿಂತಿದ್ದ ದೊಡ್ಡಮ್ಮ, ಬೀಗರೆಲ್ಲ ಕೇಳುವ ಹಾಗೆ, "ಬಸ್ಸಿನಲ್ಲಿ ಬಂದಿದಾಳೆ, ಮೊದಲು ಅವಳ ಕಾಲಿಗೆ ನೀರು ಕೊಡಿ, ಆಮೇಲೆ ಒಳಗೆ ಬರಲಿ" ಅಂದರು. ಅಮ್ಮ ಕಾಲು ತೊಳೆದುಕೊಂಡರು, ಊಟ ಮಾಡಿದರು, ಎರಡನೇ ಸಲ ಪಾಯಸವನ್ನೂ ಹಾಕಿಸಿಕೊಂಡರು, ಮನೆಗೆ ಬಂದರು, ಮತ್ತೆ ನಾಗಮಂಗಲದ ದಿಕ್ಕಿಗೆ ಹೋಗಲಿಲ್ಲ. ಅಕ್ಕ ಫೋನ್ ಮಾಡಿದರೆ "ಅವಳಿಗೆ ಹೇಳು, ನಾನು ಬಸ್ಸಿನಲ್ಲಿದೀನಿ ಅಂತ" ಎಂದು ನಮ್ಮ ಕೈಯಲ್ಲಿ ಹೇಳಿಸುತ್ತಿದ್ದರು.

ಈಗ ದೊಡ್ಡಪ್ಪನಿಗೆ ಎಂಬತ್ತರ ಶಾಂತಿ. ಆಹ್ವಾನಪತ್ರಿಕೆಯನ್ನು ಅಮ್ಮ ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡು ಕೂತಿದ್ದರು. ಆಮೇಲೆ, "ಅಕ್ಕನಿಗೂ ವಯಸ್ಸಾಯ್ತು. ಈ ಸಲ ಹೋಗದೇ ಇದ್ರೆ ಇನ್ನು ಹೋಗೋದು ಯಾವಾಗ? ಕಾರಲ್ಲಿ ಕರ್ಕೊಂಡು ಹೋಗು, ಬರ್ತೀನಿ" ಅಂದರು.

ನನಗೆ ಎಷ್ಟು ಸಂತೋಷವಾಯಿತೆಂದರೆ, ಏನೋ ಕೇಡು ಕಾದಿದೆ ಅಂತ ಆಗಲೇ ಅನ್ನಿಸಿತು.

ಮರುದಿನ ಅಮ್ಮ ಅಂಗಳಕ್ಕೆ ಬಂದು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. "ಇದೇನೋ ಕಾಲೆಲ್ಲ ಹೀಗೆ ಕಪ್ಪಗಿದೆ?"

"ಅದು ಚಕ್ರ ಅಮ್ಮ."

"ಚಕ್ರ ಅಂದ್ರೆ ಕಾರಿನ ಕಾಲಲ್ವೇನೋ? ಅಕ್ಕ ಮೊದಲು ನೋಡೋದೇ ಕಾಲು. ಇದನ್ನ ತೊಳೆಯೋವರೆಗೂ ನಾನು ಹತ್ತಲ್ಲ."

ಮೂವರೂ ಪ್ರಯತ್ನಪಟ್ಟೆವು. ಅಪರ್ಣ ಪಾತ್ರೆಯ ಸೋಪು ಹಾಕಿದಳು. ಮಣ್ಣು ಹೋಯಿತು, ಕಪ್ಪು ಹೋಗಲಿಲ್ಲ. ಅಮ್ಮ, "ನಿಮಿಷಾಂಬ ಗುಡಿಯ ದೀಪದ ಕಂಬದ ಜಿಡ್ಡನ್ನೇ ತೆಗೆದವಳು ನಾನು" ಎಂದು ಹುಣಸೆಹಣ್ಣು ಉಪ್ಪು ಕಲಸಿ ಮೆತ್ತಿದರು. ಕಪ್ಪು ಹೋಗಲಿಲ್ಲ, ಇರುವೆ ಬಂದವು. ನಾನು ತಂತಿ ಬ್ರಷ್ ತಂದೆ. ತರುವ ಮೊದಲು ನೋಡಬೇಕಾಗಿದ್ದ ವೀಡಿಯೊವನ್ನು ತಂದ ಮೇಲೆ ನೋಡಿದೆ. ಅದರಲ್ಲಿ ಒಬ್ಬರು, ತಂತಿ ಬ್ರಷ್ ಹಾಕಿದರೆ ಚಕ್ರದ ಮೇಲಿನ ಲೇಪವೇ ಕಿತ್ತುಬರುತ್ತದೆ ಎಂದು ಬಹಳ ಗಂಭೀರವಾಗಿ ಎಚ್ಚರಿಸುತ್ತಿದ್ದರು. ಬ್ರಷ್ಷನ್ನು ಚಪ್ಪಲಿ ಸ್ಟ್ಯಾಂಡಿನ ಹಿಂದೆ ಇಟ್ಟೆ.

ಶುಕ್ರವಾರ ಅಕ್ಕಿಹೆಬ್ಬಾಳಿನಲ್ಲಿ ನಮ್ಮ ಕಚೇರಿಯ ದ್ಯಾವಯ್ಯನವರ ಮನೆಯ ಗೃಹಪ್ರವೇಶ. ಹೋಗುವ ದಾರಿಯಲ್ಲಿ ಪಾಂಡವಪುರದ ಬಿಡಿಭಾಗದ ಅಂಗಡಿಗೆ ಹೋದೆ. ಅಂಗಡಿಯ ದಿಲೀಪ್ ಒಂದು ಬಾಟಲಿ ತೆಗೆದಿಟ್ಟ.

"ಅದು ಧೂಳಲ್ಲ ಸಾರ್, ಬ್ರೇಕ್ ಸವೆದು ಬೀಳೋ ಕಬ್ಬಿಣದ ಪುಡಿ. ಕಾದ ಚಕ್ರಕ್ಕೆ ಕೂತು ಅಂಟ್ಕೊಂಡದೆ. ಇದ ಹೊಡೀರಿ, ಕರಗ್ತದೆ."

ನಾನು ಕೇಳಿದೆ: ಬಿಸಿಲಲ್ಲಿ ಹೊಡೆಯಬಹುದೇ? ಬೇಡ. ಗಾಡಿ ಓಡಿಸಿ ಬಂದ ತಕ್ಷಣ? ಬೇಡ, ಚಕ್ರ ತಣ್ಣಗಿರಬೇಕು. ಒಣಗಿದರೆ? ಒಣಗಲು ಬಿಡಬಾರದು, ಒಂದೊಂದೇ ಚಕ್ರ ಮಾಡಿ ನೀರು ಹಾಕಬೇಕು. ಕೈಗೆ? ಗ್ಲೌಸು. ಮೂಗಿಗೆ? ಮಾಸ್ಕು. ಬ್ರಷ್ಷು? ಮೆತ್ತಗಿನದು. ಕಣ್ಣಿಗೆ ಬಿದ್ದರೆ?

"ಸಾರ್," ಅಂದ ದಿಲೀಪ್, "ಇದು ಚಕ್ರಕ್ಕೆ. ನೀವು ಕುಡಿಯೋಕೆ ತಕ್ಕೊಂಡೋಗೋರಂಗೆ ಕೇಳ್ತಿದೀರಲ್ಲ. ಒಂದೇ ಮಾತು ಹೇಳ್ತೀನಿ, ಹೊಡೆದ ಮೇಲೆ ಬಣ್ಣ ಬರ್ತದೆ. ಎದ್ರುಕೋಬ್ಯಾಡಿ."

ಯಾವ ಬಣ್ಣ ಎಂದು ನಾನು ಕೇಳಲಿಲ್ಲ. ಅಷ್ಟೆಲ್ಲ ಕೇಳಿದವನು ಕೇಳದೆ ಬಿಟ್ಟದ್ದು ಅದೊಂದೇ.

ಅಕ್ಕಿಹೆಬ್ಬಾಳಿನಿಂದ ವಾಪಸ್ ಬರುವಾಗ ಮಬ್ಬುಗತ್ತಲೆ. ಕೆ.ಆರ್. ಪೇಟೆ ಕಡೆಯ ರಸ್ತೆಯಲ್ಲಿ, ಪಾಂಡವಪುರ ಇನ್ನೂ ಸ್ವಲ್ಪ ದೂರ ಇರುವಾಗ, ಒಂದು ಊರಿನ ಟೀ ಅಂಗಡಿ ದಾಟುತ್ತಿದ್ದಂತೆ ಕಾರು ಧಡ್ ಎಂದಿತು. ಎಡಗಡೆಯೋ ಮುಂದುಗಡೆಯೋ ಸರಿಯಾಗಿ ಹೇಳಲಾರೆ. ಊರಿನಲ್ಲಿ ಕರೆಂಟು ಇರಲಿಲ್ಲ. ಕನ್ನಡಿಯಲ್ಲಿ ನೋಡಿದೆ, ಏನೂ ಕಾಣಲಿಲ್ಲ. ಇಳಿಯೋಣ ಅಂದರೆ ಹಿಂದಿನಿಂದ ಬಸ್ಸೊಂದು ಹಾರನ್ ಒತ್ತುತ್ತಲೇ ಬಂತು. ಆ ಊರಿನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವರು ಮರುದಿನ ನನಗೆ ಟೀ ಕೊಟ್ಟಿದ್ದಾರೆ.

ಮರುದಿನ ಎರಡನೇ ಶನಿವಾರ, ರಜೆ. ಭಾನುವಾರ ಶಾಂತಿ. ಬಿಸಿಲು ಬರುವ ಮೊದಲೇ ಕಾರನ್ನು ಮನೆಯ ಮುಂದಿನ ರಸ್ತೆಯ ನೆರಳಿಗೆ ತಂದೆ. ಅಪರ್ಣಳ ಹಳೇ ಏಪ್ರನ್ ಕಟ್ಟಿಕೊಂಡೆ, ಮೊಣಕೈವರೆಗಿನ ಗ್ಲೌಸು ಹಾಕಿಕೊಂಡೆ, ಮಾಸ್ಕು, ಮೇಲೆ ಕಣ್ಣಿಗೆ ಸ್ಕೂಟರಿನ ಕನ್ನಡಕ. ಚಕ್ರ ಮುಟ್ಟಿ ನೋಡಿದೆ, ತಣ್ಣಗಿತ್ತು. ಮುಂದಿನ ಎಡಚಕ್ರಕ್ಕೆ ಹೊಡೆದೆ. ನೀರಿನ ಹಾಗಿದ್ದ ದ್ರವ. ಏನೂ ಆಗಲಿಲ್ಲ.

ಸ್ವಲ್ಪ ಹೊತ್ತಿಗೆ ಚಕ್ರದ ಒಳಗಿನಿಂದ ಕೆಂಪು ಇಳಿಯತೊಡಗಿತು. ಮೊದಲು ಗೆರೆಗೆರೆಯಾಗಿ, ಆಮೇಲೆ ಧಾರೆಯಾಗಿ. ನೇರಳೆ ಮಿಶ್ರಿತ ಕಡುಗೆಂಪು. ಅದು ರಸ್ತೆಗೆ ಬಿದ್ದು, ಇಳಿಜಾರು ಹಿಡಿದು, ಪಕ್ಕದ ಮನೆಯ ಪುಟ್ಟಗೌರಮ್ಮನವರು ಆಗ ತಾನೇ ಹಾಕಿದ್ದ ರಂಗೋಲಿಯ ಕಡೆಗೆ ನಿಧಾನವಾಗಿ ಹೊರಟಿತು. ಜೊತೆಗೊಂದು ಕೊಳೆತ ಮೊಟ್ಟೆಯ ವಾಸನೆ. ದಿಲೀಪ್ ವಾಸನೆಯ ವಿಷಯ ಹೇಳಿರಲಿಲ್ಲ.

ಒಣಗಲು ಬಿಡಬಾರದಲ್ಲ, ನಾನು ಬ್ರಷ್ ಆಡಿಸಿ ನೀರು ಹಾಕಿದೆ. ಕೆಂಪು ಇಮ್ಮಡಿಯಾಗಿ ಹರಿಯಿತು. ಚಕ್ರ ಮಾತ್ರ ಬೆಳ್ಳಿಯ ಹಾಗೆ ಹೊಳೆಯಿತು. ಉತ್ಸಾಹದಿಂದ ಹಿಂದಿನ ಎಡಚಕ್ರಕ್ಕೂ ಹೊಡೆದೆ. ಅದೂ ಕೆಂಪಾಯಿತು. ಅದನ್ನೂ ತೊಳೆದು ತಲೆಯೆತ್ತಿದರೆ ಪುಟ್ಟಗೌರಮ್ಮನವರು ರಂಗೋಲಿ ಡಬ್ಬಿ ಹಿಡಿದು ನಿಂತಿದ್ದರು.

"ಸುದರ್ಸನಪ್ಪ, ಏನಪ್ಪ ಇದು ರಕ್ತ?"

"ರಕ್ತ ಅಲ್ಲಮ್ಮ, ಬ್ರೇಕ್ ಧೂಳು."

"ಧೂಳು ಎಲ್ಲಾರ ಕೆಂಪಗಿರ್ತದಾ? ವಾಸ್ನೆ ಬೇರೆ ಬತ್ತಾದೆ. ಏನ್ನೂ ಗುದ್ದಿಲ್ಲ ತಾನೆ?"

ಇಲ್ಲಿ ನಾನು "ಇಲ್ಲ" ಎಂದಿದ್ದರೆ ಈ ಬರವಣಿಗೆಯೇ ಇರುತ್ತಿರಲಿಲ್ಲ. ಆದರೆ ಖಾತ್ರಿಯಿಲ್ಲದ್ದನ್ನು ಇಲ್ಲ ಎನ್ನಲು ನನಗೆ ಬರುವುದಿಲ್ಲ. ಮಾಸ್ಕ್ ಕೆಳಗಿಳಿಸಿ, "ಗುದ್ದಿಲ್ಲ ಅಂತ ಖಂಡಿತವಾಗಿ ಹೇಳೋಕೆ ಆಗಲ್ಲಮ್ಮ. ನಿನ್ನೆ ಸಾಯಂಕಾಲ ಏನೋ ಧಡ್ ಅಂತು" ಅಂದೆ.

ರಂಗೋಲಿ ಡಬ್ಬಿ ಕೆಳಗೆ ಬಿತ್ತು. "ರೀ! ಬನ್ರೀ ಈಚೆಗೆ! ಸುದರ್ಸನಪ್ಪ ಯಾರನ್ನೋ ಸಾಯಿಸ್ಬುಟ್ಟವ್ರೆ, ಕೂತ್ಕೊಂಡು ತೊಳೀತಾವ್ರೆ!"

ಅವರ ಗಂಡ ಹೊನ್ನಪ್ಪನವರು ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಬಂದರು. ಅವರ ಹಿಂದೆ ಹಾಲಿನವರು, ಹೂವಿನವರು, ದೇವಸ್ಥಾನಕ್ಕೆ ಹೊರಟಿದ್ದ ಒಂದು ಟೆಂಪೋ ತುಂಬ ಭಕ್ತರು. ಹೊನ್ನಪ್ಪನವರು ನನ್ನ ಏಪ್ರನ್, ಗ್ಲೌಸು, ಕನ್ನಡಕ ಎಲ್ಲವನ್ನೂ ಮೇಲಿಂದ ಕೆಳಗೆ ನೋಡಿದರು.

"ಇಷ್ಟು ತಯಾರಿ ಮಾಡ್ಕೊಂಡು ತೊಳೀತಾವ್ರೆ ಅಂದ್ರೆ, ಸಣ್ಣ ಪ್ರಾಣಿ ಅಲ್ಲ ಬುಡಿ."

ಗಲಾಟೆ ಕೇಳಿ ಅಮ್ಮ ಹೊರಗೆ ಬಂದರು. ಕೆಂಪು ನೀರು ನೋಡಿದರು. ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು.

ನನಗೆ ಒಂದು ಉಪಾಯ ಹೊಳೆಯಿತು. "ಎಲ್ಲರೂ ನೋಡಿ. ಬಲಗಡೆ ಚಕ್ರಕ್ಕೂ ಇದನ್ನ ಹೊಡೀತೀನಿ. ಅದೂ ಕೆಂಪಾಗುತ್ತೆ. ಆಗ ನಿಮಗೇ ಗೊತ್ತಾಗುತ್ತೆ."

"ಬ್ಯಾಡ!" ಅಂದರು ಹೊನ್ನಪ್ಪನವರು, ಬ್ರಷ್ ಬಾಯಿಂದ ತೆಗೆದು. "ಬಲಗಡೇನೂ ಕೆಂಪಾದ್ರೆ ಇಬ್ರು ಅಂತಾಯ್ತದೆ. ಈಗ ಒಂದರಲ್ಲೇ ನಿಂತದೆ. ನಮ್ಮ ಮಾತು ಕೇಳಿ, ಅಲ್ಲಿಗೇ ಬುಡಿ."

ಗುಂಪಿನಲ್ಲಿ ಬಹಳ ಜನ ತಲೆ ಆಡಿಸಿದರು. ಆ ಕ್ಷಣದಲ್ಲಿ ನನಗೂ ಅದು ಸರಿಯೆನಿಸಿತೆಂದು ಬರೆಯಲು ನಾಚಿಕೆಯಾಗುತ್ತದೆ. ಬಾಟಲಿಯ ಮುಚ್ಚಳ ಹಾಕಿದೆ.

ಗುಂಪು ನೋಡಿ ಪೊಲೀಸ್ ಪೇದೆಯೊಬ್ಬರು ಬೈಕ್ ನಿಲ್ಲಿಸಿದರು. "ಏನ್ರಿ ಇದು? ಕಂಪ್ಲೇಂಟ್ ಯಾರು ಕೊಡ್ತೀರಾ?"

ಎಲ್ಲರೂ ಆಕಾಶ ನೋಡಿದರು. ಯಾರೂ ಮುಂದೆ ಬರದೆ ಪೇದೆಯವರಿಗೆ ಅವಮಾನ ಅನ್ನಿಸಬಾರದಲ್ಲ, ನಾನು ಗ್ಲೌಸಿನ ಕೈ ಎತ್ತಿದೆ. "ಬೇಕಾದರೆ ನಾನೇ ಕೊಡ್ತೀನಿ ಸಾರ್."

"ಯಾರ ಮೇಲೆ?"

"ನನ್ನ ಮೇಲೆ."

"ಯಾರಿಗೆ ಗುದ್ದಿದ್ರಿ?"

"ಅದೇ ಗೊತ್ತಿಲ್ಲ ಸಾರ್. ಗುದ್ದಿದೀನೋ ಇಲ್ವೋ ಅಂತಲೂ ಗೊತ್ತಿಲ್ಲ. ಆದರೆ ಲೈಸೆನ್ಸ್, ಇನ್ಶೂರೆನ್ಸ್, ಹೊಗೆ ಸರ್ಟಿಫಿಕೇಟ್, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಎಲ್ಲ ಇದೆ."

ಪೇದೆಯವರು ಗಾಡಿ ಸ್ಟಾರ್ಟ್ ಮಾಡಿದರು. "ಸತ್ತೋರು ಯಾರಾದ್ರೂ ಸಿಕ್ಕಿದ್ರೆ ಸ್ಟೇಷನ್ ಹತ್ರ ಬನ್ನಿ. ಅಲ್ಲಿವರೆಗೂ ಸುಮ್ನೆ ನಮ್ಮ ಟೈಮ್ ವೇಸ್ಟ್ ಮಾಡ್ಬೇಡಿ" ಎಂದು ಹೊರಟರು.

ಒಳಗೆ ಬಂದಾಗ ಚಿಕ್ಕಪ್ಪ ಶಾಮಣ್ಣನವರು ಆಗಲೇ ಹಜಾರದಲ್ಲಿ ಕೂತಿದ್ದರು. ಅವರು ಊರಿನ ಸಣ್ಣ ಗುಡಿಯೊಂದರಲ್ಲಿ ಅರ್ಚಕರು. ಸುದ್ದಿ ಅವರಿಗೆ ಮಂಗಳಾರತಿಯ ನಡುವೆ ಮುಟ್ಟಿತ್ತಂತೆ. ಅಮ್ಮ ಮೂಲೆಯಲ್ಲಿ, ನಾಳೆಗೆಂದು ಮಡಿಸಿಟ್ಟಿದ್ದ ರೇಷ್ಮೆ ಸೀರೆಯನ್ನು ಮತ್ತೆ ಬೀರುವಿನಲ್ಲಿ ಇಡುತ್ತಿದ್ದರು.

"ಚಿಕ್ಕಪ್ಪ, ಅದು ಕಬ್ಬಿಣದ ಪುಡಿ. ದ್ರವ ತಾಗಿದ್ರೆ ಕೆಂಪಾಗುತ್ತೆ."

"ಆಗ್ಲಿ. ಧಡ್ ಅಂತೋ ಇಲ್ವೋ?"

"ಅಂತು."

"ಹಾಗಿದ್ರೆ ಪ್ರಾಣಿಹತ್ಯೆ ಶಂಕೆ ಉಳೀತು. ಆ ಗಾಡೀಲಿ ಶುಭಕ್ಕೆ ಹೋಗೋ ಹಾಗಿಲ್ಲ. ಗಾಡಿಗೆ ಮೊದಲು ಶಾಂತಿ ಆಗಬೇಕು."

"ಹಾಗಾದ್ರೆ ಮಾಡಿಬಿಡಿ."

"ಏನಂತ ಮಾಡ್ಲೋ? ಕೋಳಿಗೊಂದು ಕ್ರಮ, ಹಸುವಿಗೊಂದು ಕ್ರಮ. ಏನು ಅಂತ ಗೊತ್ತಿಲ್ಲದೆ ಸಂಕಲ್ಪದಲ್ಲಿ ಏನು ಹೇಳ್ಲಿ? 'ಯಾವುದೋ ಒಂದು' ಅನ್ಲಾ?"

"ನಾನು ಹೋಗಲ್ಲ ಬಿಡಿ," ಅಂದರು ಅಮ್ಮ, ಬೀರುವಿನ ಕಡೆ ಮುಖ ಮಾಡಿಕೊಂಡೇ. "ಕೊಲೆ ಮಾಡಿದ ಕಾರಲ್ಲಿ ಹೋಗಲ್ಲ, ಬಸ್ಸಲ್ಲಂತೂ ಹೋಗಲ್ಲ. ಅಕ್ಕನಿಗೆ ಅವಳ ಮನೆ, ನನಗೆ ನನ್ನ ಮನೆ."

ಅಪರ್ಣ ಕಾಫಿ ತಂದು ನನ್ನ ಮುಂದೆ ಇಟ್ಟಳು. "ಅವರು ಕೇಳಿದಾಗ 'ಇಲ್ಲ' ಅಂತ ಒಂದು ಮಾತು ಹೇಳಿದ್ರೆ ಏನಾಗ್ತಿತ್ತು ನಿಮಗೆ?"

ನಾನು ದ್ಯಾವಯ್ಯನವರಿಗೆ ಫೋನ್ ಮಾಡಿದೆ. ಆ ಊರಿನಲ್ಲಿ ಅವರ ನೆಂಟರಿದ್ದಾರೆಂದು ಕೇಳಿದ್ದೆ. ನಿನ್ನೆ ಸಂಜೆ ಟೀ ಅಂಗಡಿಯ ಹತ್ತಿರ ನನ್ನ ಕಾರಿಗೆ ಏನೋ ತಗುಲಿದಂತಾಯಿತು, ವಿಚಾರಿಸಲು ಬರುತ್ತಿದ್ದೇನೆ, ಯಾರಿಗಾದರೂ ತೊಂದರೆಯಾಗಿದ್ದರೆ ತಿಳಿಸಲಿ ಅಂದೆ. "ನೀವೇನ್ ಯೋಚ್ನೆ ಮಾಡ್ಬ್ಯಾಡಿ, ನಾನು ಏಳ್ತೀನಿ" ಅಂದರು ದ್ಯಾವಯ್ಯ. ಅವರು ನೆಂಟರಿಗೆ ಹೇಳಿದ್ದು ಏನೆಂದು ನನಗೆ ಬಹಳ ತಡವಾಗಿ ತಿಳಿಯಿತು: "ನಮ್ಮ ಇಲಾಖೆ ಸಾಯೇಬ್ರ ಗಾಡಿಗೆ ನಿಮ್ಮೂರ್ ತಾವ ಏಟು ಬಿದ್ದದಂತೆ ಕಣ್ಲಾ. ವಿಚಾರ್ಣೆಗೆ ಬತ್ತಾವ್ರೆ, ಉಸಾರು."

ಪ್ರಾಣಿಯನ್ನು ಗುರುತಿಸಲೆಂದು ಶಾಮಣ್ಣ ಚಿಕ್ಕಪ್ಪನನ್ನೂ ಕರೆದುಕೊಂಡು ಹೊರಟೆ. ಅವರು ಪಾಂಡವಪುರ ದಾಟುವವರೆಗೂ ಕಾಲು ಕೆಳಗಿಡದೆ ಸೀಟಿನ ಮೇಲೆ ಪದ್ಮಾಸನ ಹಾಕಿಕೊಂಡು ಕೂತಿದ್ದರು.

ಊರು ತಲುಪಿದಾಗ ಮಧ್ಯಾಹ್ನ. ಟೀ ಅಂಗಡಿಯ ಮುಂದೆ ಊರಿನ ಅರ್ಧ ಜನ ನಿಂತಿದ್ದರು. ನಾನು ಇಳಿದ ಕೂಡಲೇ ಎಲ್ಲರೂ ಕೈ ಮುಗಿದರು. ರಸ್ತೆಯ ಈ ಅಂಚಿನಿಂದ ಆ ಅಂಚಿನವರೆಗೆ ಅಡ್ಡಡ್ಡಲಾಗಿ ಒಂದು ಪಟ್ಟಿಯಷ್ಟು ಜಾಗ ಹೊಸದಾಗಿ ಕೆರೆದ ಹಾಗಿತ್ತು. ಪಕ್ಕದಲ್ಲಿ ಕಲ್ಲು ಮಣ್ಣಿನ ರಾಶಿ. ಅದರ ಮೇಲೆ ಇಬ್ಬರು ಹಾರೆ ಗುದ್ದಲಿ ಹಿಡಿದುಕೊಂಡು, ಬೆವರು ಒರೆಸಿಕೊಳ್ಳುತ್ತ ಕೂತಿದ್ದರು. ನಾನು ಅದಕ್ಕೆ ಗಮನ ಕೊಡಲಿಲ್ಲ. ರಕ್ತದ ಕಲೆ ಹುಡುಕುತ್ತಿದ್ದೆ.

"ನೋಡಿ, ನಿನ್ನೆ ಸಾಯಂಕಾಲ ಇಲ್ಲಿ ನಮ್ಮ ಕಾರು..." ಎಂದು ಶುರುಮಾಡಿದೆ.

"ಇಲ್ಲಿ ಹಂಪೇ ಇರ್ನಿಲ್ಲ ಸಾರ್!" ಅಂದ ಟೀ ಅಂಗಡಿಯ ಸಂತೋಷ್.

"ಹಂಪಾ?"

"ಯಾವ್ ಹಂಪೂ ಇಲ್ಲ. ನಿನ್ನೇನೂ ಇರ್ನಿಲ್ಲ, ಮೊನ್ನೇನೂ ಇರ್ನಿಲ್ಲ."

"ನಮ್ಮೂರೋರು ಯಾರೂ ಆಕಿಲ್ಲ," ಅಂದಿತು ಹಿಂದಿನಿಂದ ಒಂದು ದನಿ.

"ನಮ್ಮೂರಾಗೆ ಹಂಪ್ ಆಕೋ ಅಂಥೋರು ಯಾರೂ ಇಲ್ಲ ಸಾರ್," ಅಂದ ಹಾರೆ ಹಿಡಿದಿದ್ದವನು.

ಇಡೀ ಊರು ಒಟ್ಟಾಗಿ ಹೇಳುತ್ತಿದೆ, ಇಲ್ಲಿ ಹಂಪ್ ಇರಲಿಲ್ಲ. ಹಂಪ್ ಇಲ್ಲದ ಮೇಲೆ ಧಡ್ ಎಂದದ್ದು ಏನು? ಜೀವವೇ. ಚಿಕ್ಕಪ್ಪನ ಮುಖ ನೋಡಿದೆ. ಅವರೂ ಅದೇ ತೀರ್ಮಾನಕ್ಕೆ ಬಂದಿದ್ದರು.

"ಹಾಗಾದ್ರೆ ಪ್ರಾಣೀನೇ," ಅಂದೆ. "ದಯವಿಟ್ಟು ನಿಜ ಹೇಳಿ. ನಿಮ್ಮೂರಲ್ಲಿ ನಿನ್ನೆಯಿಂದ ಯಾವ ಪ್ರಾಣಿ ಸತ್ತಿದೆ?"

ಜನ ಒಬ್ಬರ ಮುಖ ಒಬ್ಬರು ನೋಡಿದರು. ಹಂಪಿನ ವಿಚಾರಣೆಗೆ ಬಂದ ಸಾಹೇಬರು ಪ್ರಾಣಿಗಳ ಕಡೆಗೆ ತಿರುಗಿದ್ದು ಅವರಿಗೆ ಅರ್ಥವಾಗಲಿಲ್ಲ. ಆದರೆ ಇಲ್ಲ ಎನ್ನುವುದು ಯಾವಾಗಲೂ ಕ್ಷೇಮ ಎಂದು ಅವರಿಗೆ ಗೊತ್ತಿತ್ತು. ಅಷ್ಟು ಗೊತ್ತಿದ್ದರೆ ನಾನೂ ಉದ್ಧಾರವಾಗುತ್ತಿದ್ದೆ.

"ಯಾವ್ದೂ ಸತ್ತಿಲ್ಲ ಸಾರ್. ಎಲ್ಲಾ ಅವೆ."

"ಎಲ್ಲಾ ಇವೆ ಅಂತ ನೋಡದೆ ಹೇಳಿದ್ರೆ ಆಗಲ್ಲ," ಅಂದರು ಚಿಕ್ಕಪ್ಪ ಕಾರಿನ ಒಳಗಿನಿಂದ. "ಕಣ್ಣಾರೆ ಕಾಣಬೇಕು."

"ಯಾರ್ ಇವ್ರು?" ಎಂದು ಯಾರೋ ಪಿಸುಗುಟ್ಟಿದರು. "ಪಶು ಇಲಾಖೆ ದೊಡ್ಡೋರಿರ್ಬೇಕು ಕಣ್ಲಾ," ಎಂದು ಇನ್ಯಾರೋ ಉತ್ತರಿಸಿದರು.

ಮುಂದಿನದನ್ನು ಹೇಗೆ ಹೇಳುವುದೋ ತಿಳಿಯದು. ಊರಿನವರು ತಮ್ಮ ಹಸು, ಎಮ್ಮೆ, ಮೇಕೆ, ನಾಯಿಗಳನ್ನೆಲ್ಲ ಹಿಡಿದು ತಂದು ರಸ್ತೆಬದಿ ಸಾಲಾಗಿ ನಿಲ್ಲಿಸಿದರು. ಕೋಳಿಗಳನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತರು. ಮಾರಮ್ಮ ಎನ್ನುವ ಒಬ್ಬ ಹಿರಿಯ ಹೆಂಗಸು, "ನಮ್ದೊಂದು ಬೆಕ್ಕು ಅಟ್ಟದ ಮ್ಯಾಗೆ ಮರಿ ಹಾಕದೆ, ಇಳೀತಿಲ್ಲ. ಬಂದು ನೋಡ್ತೀರಾ?" ಎಂದು ಕಳವಳದಿಂದ ಕೇಳಿದರು. ಅಪರ್ಣಳಿಗೆ ವೀಡಿಯೊ ಕರೆ ಮಾಡಿ, ಫೋನನ್ನು ಅಮ್ಮನಿಗೆ ಕೊಡಲು ಹೇಳಿದೆ. ಸಾಲಿನ ಈ ತುದಿಯಿಂದ ಆ ತುದಿಗೆ ಫೋನ್ ಹಿಡಿದು ನಡೆದೆ. ಕೆ.ಆರ್. ಪೇಟೆಗೆ ಹೋಗುತ್ತಿದ್ದ ಬಸ್ಸೊಂದು ನಿಂತು, ಪ್ರಯಾಣಿಕರೆಲ್ಲ ಕಿಟಕಿಯಿಂದ ತಲೆ ಹೊರಹಾಕಿ ನೋಡಿದರು.

"ನಿಲ್ಸು," ಅಂದರು ಅಮ್ಮ ಫೋನಿನಲ್ಲಿ. "ಆ ಕಂದು ನಾಯಿ ಯಾಕೆ ಕುಂಟ್ತಿದೆ?"

ಎಲ್ಲರೂ ನಾಯಿಯನ್ನು ನೋಡಿದರು. ನಾಯಿ ಮಾರಮ್ಮನನ್ನು ನೋಡಿತು.

"ಅಯ್ ಅದು ಉಟ್ಟಿದಾಗಿಂದ್ಲೂ ಅಂಗೇಯ ಕಣವ್ವಾ," ಅಂದರು ಮಾರಮ್ಮ ಫೋನಿಗೆ ಬಾಯಿ ಹತ್ತಿರ ತಂದು. "ನಿಮ್ ಮಗ ಕಾರು ಕಲಿಯೋಕ್ ಮುಂಚಿಂದ್ಲೂ ಕುಂಟ್ತದೆ. ನನ್ನಾಣೆಗೂ."

"ನಿಜವಾಗ್ಲೂ?"

"ನನ್ ಕಾಲೂ ಕುಂಟೇಯ. ಅದ್ಕೂ ನಿಮ್ ಮಗನ್ನೇ ಅಂತೀನಾ?"

ಫೋನಿನಲ್ಲಿ ಬೀರುವಿನ ಬಾಗಿಲು ತೆರೆದ ಕಿರ್ರೆಂಬ ಸದ್ದು ಕೇಳಿಸಿತು. ಸೀರೆ ಹೊರಬಂದಿತೆಂದು ನನಗೆ ಅರ್ಥವಾಯಿತು.

ಸಂತೋಷ್ ನಮಗೆ ಟೀ ಕೊಟ್ಟ. "ಸಾರ್, ಹಂಪ್ ವಿಷ್ಯ ಏನೂ ಬರ್ಕೊಳಲ್ಲ ತಾನೆ?" ಅಂದ. ಇಲ್ಲದ ಹಂಪಿನ ಬಗ್ಗೆ ಏನು ಬರೆಯಲಿ ಎಂದೆ. "ಬಾಳ ಒಳ್ಳೇರು ಸಾರ್ ನೀವು" ಎಂದು ಅವನು ಎರಡೂ ಕೈ ಹಿಡಿದುಕೊಂಡ.

ಗಂಜಾಂಗೆ ಬರುವಾಗ ಕತ್ತಲಾಗಿತ್ತು, ಚಕ್ರಗಳು ಕಾದಿದ್ದವು. ಬಲಗಡೆಯ ಎರಡನ್ನು ಬೆಳಿಗ್ಗೆ ಬೇಗ ತೊಳೆಯಬಹುದೇ ಎಂದು ಅಮ್ಮನನ್ನು ಕೇಳಿದೆ. "ಮತ್ತೆ ಆ ಕೆಂಪು ಬರಿಸಿದ್ರೆ ನಾನು ಜೀವ ಸಹಿತ ಈ ಬೀದೀಲಿ ಇರಲ್ಲ" ಅಂದರು. ಹಾಗಾಗಿ ಎಡಗಡೆ ಬೆಳ್ಳಿ, ಬಲಗಡೆ ಕಾವಲಿ.

"ತೊಂದರೆ ಇಲ್ಲ," ಅಂದಳು ಅಪರ್ಣ. "ದೇವಸ್ಥಾನದ ಕಡೆಯಿಂದ ಹೋದ್ರೆ ದೊಡ್ಡಮ್ಮನ ಮನೆ ಎಡಕ್ಕೆ ಬರುತ್ತೆ. ಎಡಗಡೆ ನಿಲ್ಲಿಸಿ. ಅಮ್ಮ ಎಡಗಡೆ ಬಾಗಿಲಿಂದ ಇಳೀಲಿ. ಬಲಗಡೆ ನೋಡೋರು ಯಾರು?"

ಅಮ್ಮ ಇದನ್ನು ಒಪ್ಪಿದರು. ಭಾನುವಾರ ಬೆಳಿಗ್ಗೆ ರೇಷ್ಮೆ ಸೀರೆ ಉಟ್ಟು ಎಡಗಡೆ ಕಿಟಕಿಗೆ ಅಂಟಿಕೊಂಡು ಕೂತರು. ಪಕ್ಕದಲ್ಲಿ ಅಪರ್ಣ. ಮುಂದೆ ಚಿಕ್ಕಪ್ಪ, ಅವರ ಕೈಯಲ್ಲಿ ಮುನ್ನೆಚ್ಚರಿಕೆಯ ನಿಂಬೆಹಣ್ಣುಗಳು. ದಾರಿಯುದ್ದಕ್ಕೂ ಅಮ್ಮ ಅಕ್ಕನಿಗೆ ಹೇಳಬೇಕಾದ ಮಾತನ್ನು ಬಾಯಲ್ಲೇ ಹೇಳಿಕೊಳ್ಳುತ್ತಿದ್ದರು: "ಕಾರಲ್ಲೇ ಬಂದ್ವಿ ಅಕ್ಕ, ಧೂಳೇ ಇರಲಿಲ್ಲ."

ನಾಗಮಂಗಲದಲ್ಲಿ ದೇವಸ್ಥಾನದ ಕಡೆಯ ದಾರಿಗೆ ಶಾಮಿಯಾನ ಅಡ್ಡ ಹಾಕಿದ್ದರು. ಸುತ್ತುಹಾಕಿ ಇನ್ನೊಂದು ತುದಿಯಿಂದ ಬರಬೇಕಾಯಿತು. ಮನೆ ಬಲಕ್ಕೆ ಬಂತು. ತಿರುಗಿಸೋಣವೆಂದರೆ ಹಿಂದೆ ಅಡುಗೆಯವರ ಟೆಂಪೋ. ಮುಂದೆ ಹೋಗೋಣವೆಂದರೆ ಬೀದಿಯಲ್ಲೇ ಬಾಳೆ ಎಲೆ ಒರೆಸುತ್ತಿದ್ದರು. ನಾನು ಹಿಂದಕ್ಕೆ ಮುಂದಕ್ಕೆ ಜಗ್ಗುತ್ತಿರುವಾಗ ದೊಡ್ಡಮ್ಮನ ಮಗ ವಿಜಯೇಂದ್ರ ಓಡಿಬಂದ.

"ಸುದರ್ಶನಾ! ಬದುಕಿದೀಯೇನೋ! ಕೆ.ಆರ್. ಪೇಟೆಯಿಂದ ಬಂದೋರು ಹೇಳಿದ್ರು, ನಿನ್ನ ಕಾರು ದನದ ಮಂದೆಗೇ ನುಗ್ಗಿತು, ಸತ್ತಿದ್ದನ್ನೆಲ್ಲ ರಸ್ತೆಬದಿ ಸಾಲಾಗಿ ನಿಲ್ಲಿಸಿದ್ರು ಅಂತ!"

"ಸತ್ತಿದ್ದು ನಿಲ್ಲುತ್ತಾ?" ಅಂದಳು ಅಪರ್ಣ.

"ಅದನ್ನೇ ನಾನೂ ಕೇಳ್ದೆ," ಅಂದ ವಿಜಯೇಂದ್ರ.

ಗದ್ದಲಕ್ಕೆ ಬಾಗಿಲಲ್ಲಿ ದೊಡ್ಡಮ್ಮ ಕಾಣಿಸಿಕೊಂಡರು. ಆರು ವರ್ಷದಲ್ಲಿ ಸಣ್ಣಗಾಗಿದ್ದರು, ಒಂದು ಕೈ ಮೊಮ್ಮಗಳ ಭುಜದ ಮೇಲಿತ್ತು. ಅವರ ಎದುರಿಗೇ ನಮ್ಮ ಬಲಗಡೆಯ ಎರಡು ಚಕ್ರಗಳು, ಮಸಿ ಬಳಿದ ಹಾಗೆ.

"ತಿರುಗಿಸು," ಅಂದರು ಅಮ್ಮ ಹಿಂದಿನಿಂದ, ಬಹಳ ಮೆಲ್ಲಗೆ.

"ಆಗಲ್ಲಮ್ಮ."

"ಹಾಗಿದ್ರೆ ಮನೆಗೆ ನಡಿ. ನಾನು ಇಳಿಯಲ್ಲ."

"ರುಕ್ಕೂ!" ಎಂದು ದೊಡ್ಡಮ್ಮ ಕೈಯೆತ್ತಿದರು. ಬೀಗರು, ಪುರೋಹಿತರು, ಎಲೆ ಒರೆಸುವವರು ಎಲ್ಲರೂ ತಿರುಗಿದರು. "ಇಳೀಬೇಡ!"

ಅಮ್ಮ ಕೈಚೀಲವನ್ನು ಎದೆಗೆ ಅವಚಿಕೊಂಡರು. ನಾನು ರಿವರ್ಸ್ ಗೇರ್ ಹಾಕಿದೆ.

"ನನ್ನ ತಂಗಿ ಮೊದಲನೇ ಸಲ ಸ್ವಂತ ಕಾರಲ್ಲಿ ಬಂದಿದಾಳೆ. ಆರತಿ ಆಗೋವರೆಗೂ ಯಾರೂ ಇಳೀಬೇಡಿ. ಲೇ, ಆ ತಟ್ಟೆ ತಗೊಂಬಾರೆ!"

ಮೊಮ್ಮಗಳು ತಟ್ಟೆ ತಂದಳು. ಅರಿಶಿನ ಸುಣ್ಣ ಕಲಸಿದ ಕೆಂಪು ನೀರು. ದೊಡ್ಡಮ್ಮ ಕಾರಿಗೆ ಮೂರು ಸುತ್ತು ತೋರಿಸಿ, ತಟ್ಟೆಯನ್ನು ಬಗ್ಗಿಸಿ ನೀರನ್ನೆಲ್ಲ ಮುಂದಿನ ಬಲಚಕ್ರದ ಮೇಲೆ ಸುರಿದರು. ಕೆಂಪು ನೀರು ಕಪ್ಪು ಚಕ್ರದ ಮೇಲಿಂದ ಗೆರೆಗೆರೆಯಾಗಿ ಇಳಿದು ರಸ್ತೆಗೆ ಹರಿಯಿತು. ಶಾಮಣ್ಣ ಚಿಕ್ಕಪ್ಪ ಕಣ್ಣು ಮುಚ್ಚಿಕೊಂಡು ನಿಂಬೆಹಣ್ಣು ಹಿಂಡಿಬಿಟ್ಟರು.

ಅಪರ್ಣ ಇಳಿದು ದಾರಿ ಬಿಟ್ಟ ಮೇಲೆ ಅಮ್ಮ ಸೀಟಿನ ಮೇಲೆ ಜರುಗಿ ಜರುಗಿ ಬಲಗಡೆ ಬಾಗಿಲಿನಿಂದಲೇ ಇಳಿದರು. ದೊಡ್ಡಮ್ಮ ಬಗ್ಗಿ ಚಕ್ರ ನೋಡುತ್ತಿದ್ದರು.

"ಇದೇನೇ ರುಕ್ಕೂ, ಇಷ್ಟು ಧೂಳು?"

ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ ಮಾತು ಅಮ್ಮನಿಗೆ ಬರಲಿಲ್ಲ. "ನಿನ್ನ ಮನೆ ದಾರಿದೇ ಅಕ್ಕ," ಅಂದರು.

"ಆರು ವರ್ಷದ್ದಿರಬೇಕು," ಅಂದರು ದೊಡ್ಡಮ್ಮ. ಮೊಮ್ಮಗಳ ಭುಜ ಬಿಟ್ಟು ಅಮ್ಮನ ಭುಜ ಹಿಡಿದುಕೊಂಡರು. ಅಭ್ಯಾಸಬಲದಿಂದ ಯಾರೋ ಕಾಲಿಗೆ ನೀರಿನ ಚೊಂಬು ತಂದರು. "ಅದನ್ನ ಅತ್ಲಾಗಿಡೇ. ಕಾಲು ಆಮೇಲೆ ತೊಳೆದ್ರಾಯ್ತು. ಮೊದಲು ಒಳಗೆ ಬರಲಿ."

ಅಂದು ಅಮ್ಮ ಮೂರನೇ ಸಲ ಪಾಯಸ ಹಾಕಿಸಿಕೊಂಡರು. ಸಂಜೆ ಅವರನ್ನು ಹೊರಡಿಸಲು ನಮಗೆ ಸಾಕುಸಾಕಾಯಿತು.

ಬಲಗಡೆಯ ಚಕ್ರಗಳು ಇವತ್ತಿಗೂ ಹಾಗೇ ಇವೆ. ಮುಂದಿನದರ ಕಪ್ಪಿನ ಮೇಲೆ ಅರಿಶಿನ ಸುಣ್ಣದ ಕೆಂಪು ಗೆರೆಗಳು ಒಣಗಿ ಕೂತಿವೆ. ಬಾಟಲಿಯಲ್ಲಿ ಇನ್ನೂ ದ್ರವವಿದೆ. ಕೈಗೆ ತೆಗೆದುಕೊಂಡರೆ ಅಮ್ಮ, "ಅಕ್ಕ ಹಾಕಿದ್ದು, ಮುಟ್ಟಬೇಡ" ಎನ್ನುತ್ತಾರೆ. ಮಳೆಯಲ್ಲಿ ಹೊರಟರೆ ಆ ಕಡೆಗೊಂದು ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಹೋಗು ಎಂದೂ ಒಂದು ಸಲ ಹೇಳಿದ್ದಾರೆ. ಅದು ಸುರಕ್ಷಿತವಲ್ಲ ಎಂದು ತಿಳಿಸಿದ್ದೇನೆ.

ಹೋದ ತಿಂಗಳು ಮತ್ತೆ ಅಕ್ಕಿಹೆಬ್ಬಾಳಿಗೆ ಹೋಗಿದ್ದೆ. ಆ ಟೀ ಅಂಗಡಿಯ ಮುಂದೆ ಕಾರು ಧಡ್ ಎಂದಿತು. ಇಳಿದು ನೋಡಿದರೆ ದೊಡ್ಡದೊಂದು ಹಂಪ್, ಮೇಲೆ ಬಿಳಿ ಪಟ್ಟೆ ಕೂಡ ಬಳಿದಿದ್ದಾರೆ. ಸಂತೋಷ್ ನನ್ನನ್ನು ಗುರುತಿಸಿ ಟೀ ತಂದ. ಇದನ್ನು ಯಾವಾಗ ಹಾಕಿದಿರಿ ಎಂದು ಕೇಳಿದೆ.

"ಯಾವಾಗ್ ಅಂದ್ರೆ? ಇದು ಮೊದ್ಲಿಂದ್ಲೂ ಇತ್ತಲ್ಲ ಸಾರ್," ಅಂದ.

ಅವತ್ತು ಇರಲಿಲ್ಲ ಅಂದಿರಲ್ಲ ಎಂದೆ. ಅಲ್ಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. "ಅಂಗೆ ನಾವ್ಯಾಕ್ ಏಳಾನ?" ಅಂದರು ಮಾರಮ್ಮ. ಅವರ ಕಾಲ ಬಳಿ ಕಂದು ನಾಯಿ ಮಲಗಿತ್ತು. ನನ್ನನ್ನು ಕಂಡು ಎದ್ದು, ಸ್ವಲ್ಪ ದೂರ ಹೋಗಿ ಮಲಗಿತು. ಹೋಗುವಾಗ ಅದು ಕುಂಟಲಿಲ್ಲ, ಅಥವಾ ಬಹಳ ಕಡಿಮೆ ಕುಂಟಿತು. ಆ ಶುಕ್ರವಾರ ಸಂಜೆ ನನ್ನ ಚಕ್ರದ ಕೆಳಗೆ ಬಂದದ್ದು ಏನು ಎಂದು ನನಗೆ ಗೊತ್ತಿಲ್ಲ.